ಹದಿನೆಂಟು ಉಗುರು

ಸಿಂಹಕ್ಕೆ ಹದಿನೆಂಟು ಉಗುರು, ಬರಕೊಳ್ಳಿ ಸಾರ್.
ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಕ್ನಾಕು.
ಸತ್ತ ಮೇಲೆ ಎಣಿಸಬೇಕಂತೆ,
ಎಣಿಸಿ, ಪಂಚರ ಕಣ್ಣೆದುರು ಸುಟ್ಟು,
ಬೂದಿಯಾಗುವ ತನಕ ನಿಂತಿರಬೇಕಂತೆ.
ನಿಂತಿದ್ದೇವೆ.

ಶಿವಮೊಗ್ಗದಿಂದ ಮೂರು ಗಾಡಿ ಸೌದೆ ಬಂದಿದೆ.
ಪಂಚರು ಇಬ್ಬರು: ಆಯನೂರಿನ ಮೇಷ್ಟ್ರು ತಿಪ್ಪೇಶಪ್ಪ,
ಸಾಗರ ರಸ್ತೆಯಲ್ಲಿ ಪಂಕ್ಚರ್ ಹಾಕುವ ಜಬೀವುಲ್ಲಾ.
ಇಬ್ಬರೂ ಸಿಂಹವನ್ನು ಇಷ್ಟು ಹತ್ತಿರ ಕಂಡವರಲ್ಲ.
ಮೇಷ್ಟ್ರು ಚಪ್ಪಲಿ ಬಿಟ್ಟು ನಿಂತರು, ಯಾಕೋ.

ಡಾಕ್ಟರಮ್ಮ ಪಂಜ ಹಿಡಿದು ಬೆರಳು ಒತ್ತಿದರು.
ಹಿಂಗಾಲು: ಎಂಟು. ಸರಿ.
ಮುಂಗಾಲು...
ಇನ್ನೊಮ್ಮೆ ಒತ್ತಿದರು.
ಮುಂಗಾಲು: ಇಲ್ಲ.

ಸಾಹೇಬರು ಹೊಸಬರು, ಬಂದು ಹದಿನೈದು ದಿನ.
ಪೆನ್ನು ಎತ್ತಿ ನನ್ನ ಮುಖ ನೋಡಿದರು.
'ಹತ್ತು ಎಲ್ಲಿ ಹೋದವು, ಹುಚ್ರಾಯಪ್ಪ?'

ಅವರ ತಪ್ಪಲ್ಲ. ಉಗುರಿಗೆ ಗಿರಾಕಿ ಇದ್ದಾರೆ.
ಚಿನ್ನದ ಕಟ್ಟು ಹಾಕಿಸಿ
ಬೆಚ್ಚಿ ಬೀಳುವ ಕೂಸಿನ ಕೊರಳಿಗೆ ಕಟ್ಟುತ್ತಾರೆ.
ಜೇಬು ತೋರಿಸು ಅಂದರು, ತೋರಿಸಿದೆ:
ಅರ್ಧ ಕಟ್ಟು ಬೀಡಿ, ಎರಡು ಬೀಗದ ಕೈ,
ಮೊಮ್ಮಗಳ ಮುರಿದ ಹೇರ್‌ಪಿನ್ನು.
ಇಪ್ಪತ್ತೊಂದು ವರ್ಷದ ನೌಕರಿ ಅಷ್ಟೂ
ಮೇಜಿನ ಮೇಲೆ ಬಿತ್ತು.
ಬೇಜಾರಿಲ್ಲ. ನನ್ನನ್ನೂ ನಂಬದ ಕಾಯಿದೆ ಇದ್ದರೆ
ನಾನು ರಾತ್ರಿ ನಿದ್ದೆ ಮಾಡಬಹುದು.

ದಿಲೀಪ ಬಂದಾಗಲೇ ಹೀಗೆ ಬಂದವನು, ಸಾರ್.
ಸರ್ಕಸ್ಸಿನ ಲಾರಿ, ಮೇಲೆ ಕೋರ್ಟಿನ ಕಾಗದ.
ದಿಲೀಪ ಅವರಿಟ್ಟ ಹೆಸರು; ನಮ್ಮ ಪುಸ್ತಕದಲ್ಲಿ
ಗಂಡು, ನಂಬರು ಹನ್ನೊಂದು.
ಒಮ್ಮೆ ಅಂಗಳದಲ್ಲಿ ಬಕೆಟ್ಟು ಮರೆತು ಬಂದಿದ್ದೆ,
ಬೋರಲು ಬಿದ್ದಿತ್ತು.
ಅವನು ಅದರ ಮೇಲೆ ಎರಡೂ ಮುಂಗಾಲಿಟ್ಟು
ಮಧ್ಯಾಹ್ನವೆಲ್ಲ ನಿಂತಿದ್ದ.
ಇಳಿ ಅನ್ನೋರು ಯಾರೂ ಇರಲಿಲ್ಲ.

ಜನ ಕಂಬಿಯಾಚೆಯಿಂದ ಕೇಳೋರು:
'ಉಗುರೇ ಇಲ್ವಂತಲ್ಲ, ಬೆಕ್ಕಿನ ಥರ, ಒಂದು ಫೋಟೋಗೆ ಬಿಡಪ್ಪ.'
ಒಬ್ಬ ಐನೂರರ ನೋಟು ಮಡಚಿ ತಂದಿದ್ದ,
ಹೆಗಲ ಮೇಲೆ ಮಗು.
ನಾನು ಅವನನ್ನು ಟಿಕೆಟ್ ಕೌಂಟರಿಗೆ ಕರಕೊಂಡು ಹೋದೆ.
ಅಲ್ಲಿ ಚನ್ನವೀರ ಕೂರುತ್ತಾನೆ,
ಒಂದು ಕೈಯಲ್ಲಿ ಟಿಕೆಟ್ ಹಿಡಿದು ಹಲ್ಲಲ್ಲಿ ಹರಿಯುತ್ತಾನೆ.
ಇನ್ನೊಂದು ತೋಳು ಅಂಗಿಯೊಳಗೆ ಮಡಚಿ ಪಿನ್ನು ಹಾಕಿದೆ.
ಒಳಬಾಗಿಲು ಹಾಕದೆ ಹೊರಬಾಗಿಲು ತೆಗೆಯಬಾರದು.
ಅವನಿಗೂ ಗೊತ್ತಿತ್ತು, ನನಗೆ ಹೇಳಿಕೊಟ್ಟವನೇ ಅವನು.
ಚನ್ನವೀರ ಕೆಟ್ಟವನಲ್ಲ.
ದಿಲೀಪನೂ ಕೆಟ್ಟವನಲ್ಲ.
ಬಾಗಿಲು ತೆರೆದಿತ್ತು, ಅಷ್ಟೇ.

ಇವತ್ತು ಅವನೂ ಬಂದಿದ್ದಾನೆ, ನೋಡಿ,
ದೂರ, ನೀರಿನ ಟ್ಯಾಂಕಿನ ಹತ್ತಿರ.

ಡಾಕ್ಟರಮ್ಮ ಪಂಜ ಕೊಯ್ದು ನೋಡಿದರು.
ಬೆರಳ ತುದಿಯ ಎಲುಬೇ ಇಲ್ಲ ಅಂದರು,
ಹಳೇ ಗಾಯ, ಮರಿಯಿದ್ದಾಗಿನದು.
ಆಮೇಲೆ ಹಳೇ ಕಡತ ತೆಗೆಸಿದರು.
ಬಂದ ದಿನದ ಹಾಳೆ, ಗೆದ್ದಲು ತಿಂದು ಉಳಿದದ್ದು.
ತೂಕ ಇದೆ, ಎತ್ತರ ಇದೆ, ಕೋರ್ಟಿನ ನಂಬರಿದೆ.
ಸ್ಥಿತಿ: ಆರೋಗ್ಯವಾಗಿದೆ.
ಕೆಳಗೆ ನಾಲ್ಕು ಸಹಿ, ಒಂದು ನನ್ನದು.

ನಾನೂ ಎಣಿಸಲಿಲ್ಲ, ಸಾರ್.
ಉಸಿರಾಡೋ ಸಿಂಹದ ಉಗುರು ಎಣಿಸಿ ಅಂತ
ಆವತ್ತಿನ ಹಾಳೆ ಕೇಳಿರಲಿಲ್ಲ.

ಸಾಹೇಬರು ಬಹಳ ಹೊತ್ತು ಸುಮ್ಮನಿದ್ದರು.
ಷರಾ ಅನ್ನೋ ಕಲಮಿನಲ್ಲಿ ಎರಡು ಬೆರಳಗಲ ಜಾಗ.
'ಏನು ಬರೀಲಿ?' ಅಂದರು,
ಕೇಳಿದ್ದು ಡಾಕ್ಟರನ್ನ. ಬಾಯಿ ತೆರೆದದ್ದು ನಾನು:
ಎಂಟು ಜಮಾ ಅಂತ ಬರೀರಿ.
ಹತ್ತು ಬಾಕಿ.

ಬರೆದರೋ ಇಲ್ಲವೋ ನೋಡಲಿಲ್ಲ.
ಬೆಂಕಿ ಹಿಡಿದಿತ್ತು, ಕೋಳಿ ಪುಕ್ಕ ಸುಟ್ಟ ವಾಸನೆ,
ಜಬೀವುಲ್ಲಾ ಕರವಸ್ತ್ರ ಮೂಗಿಗೆ ಹಿಡಿದು
ಅಲ್ಲೇ ನಿಂತಿದ್ದ, ಕಾಯಿದೆ ಹೇಳಿದಷ್ಟು ಹೊತ್ತು.

ಸಂಜೆ ಹನ್ನೊಂದನೇ ಬೋನಿಗೆ ಹೋದೆ.
ನೀರಿನ ತೊಟ್ಟಿ ಚೆಲ್ಲಿದೆ. ಕಸ ಗುಡಿಸಿದೆ.
ಒಳಬಾಗಿಲು ಹಾಕಿದೆ,
ಬೀಗ ಎಳೆದು ನೋಡಿದೆ,
ಆಮೇಲೆ ಹೊರಬಾಗಿಲು.